ಇಡೀ ಗಾಡಿಯನ್ನಲ್ಲ, ಎಂಜಿನ್ನನ್ನು ತಿರುಗಿಸಿ

ಮನೆಯೊಳಗೆ ಮಾದರಿ ರೈಲುಮಾರ್ಗ ಹಾಕುವವರಿಗೆ ಗಾಡಿ ತಿರುಗಿಸಲು ಮೊದಲು ಹೊಳೆಯುವುದು ಹಳಿಯ ಕುಣಿಕೆ. ಚಿಕ್ಕ ಕೋಣೆಗೆ ಅದು ಹೊಂದದ ಆಯ್ಕೆ. 1:87 ಅಳತೆಯ ಎಚ್‌ಒ ಮಾದರಿಯಲ್ಲಿ 18 ಅಂಗುಲ ತ್ರಿಜ್ಯದ ಬಿಗಿ ತಿರುವು ಹಾಕಿದರೂ ಕುಣಿಕೆಯ ಅಗಲ 3 ಅಡಿ ದಾಟುತ್ತದೆ. ಜೊತೆಗೆ, ಎರಡು ಹಳಿಗಳಲ್ಲೇ ವಿದ್ಯುತ್ ಹರಿಯುವ ವ್ಯವಸ್ಥೆಯಲ್ಲಿ ಸುತ್ತಿ ಬಂದ ಎಡಹಳಿ ಬಲಹಳಿಯನ್ನೇ ಸೇರಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಕುಣಿಕೆಯ ಎರಡೂ ತುದಿಯಲ್ಲಿ ಹಳಿಗಳನ್ನು ಬೇರ್ಪಡಿಸಿ, ಆ ಭಾಗದ ಧ್ರುವ ಬದಲಿಸುವ ಏರ್ಪಾಡು ಬೇಕು. ನಿಜವಾದ ರೈಲುಮಾರ್ಗಗಳನ್ನೇ ನೋಡಿ: ಉಗಿಬಂಡಿಯ ಕಾಲದ ಎಷ್ಟೋ ಕೊನೆಯ ನಿಲ್ದಾಣಗಳಲ್ಲಿ ತಿರುಗುಮೇಜಿನ ಮೇಲೆ ಎಂಜಿನ್ನನ್ನಷ್ಟೇ ತಿರುಗಿಸುತ್ತಿದ್ದರು. ನಾವೂ ಹಾಗೆಯೇ ಮಾಡುವುದು ಸರಿ. ಪ್ರತಿಸಲ ಎಂಜಿನ್ ಕಳಚಿ ಜೋಡಿಸುವ ರಗಳೆ ಯಾರಿಗೆ ಬೇಕು ಎನ್ನಬಹುದು. ರಗಳೆ ನಿಜ, ಆದರೆ ನಿಲ್ದಾಣಕ್ಕೆ ಜೀವ ಬರುವುದು ಆ ಕೆಲಸದಿಂದಲೇ. ಎಂಜಿನ್ ಗಾಡಿಯ ಮತ್ತೊಂದು ತುದಿಗೆ ಹೋಗಲು ಪಕ್ಕದಲ್ಲೊಂದು ಹಳಿಗೆ ನಕ್ಷೆಯಲ್ಲೇ ಜಾಗ ಬಿಡಬೇಕು, ಅಷ್ಟೆ.