ಬೀದಿ ದೀಪದ ಬಿಲ್ಲು ಯಾರ ಜೇಬಿಂದ?

ಜಯನಗರದಲ್ಲಿ ಮರ ದಟ್ಟವಾಗಿರುವ ಅಡ್ಡರಸ್ತೆಯೊಂದರಲ್ಲಿ ರಾತ್ರಿ ಎಂಟರ ಮೇಲೆ ನಡೆದು ನೋಡಿ. ಕಂಬವಿದೆ, ದೀಪವೂ ಉರಿಯುತ್ತಿದೆ. ಆದರೆ ಬೆಳಕು ಬೀಳುವುದು ಎಲೆಗಳ ಮೇಲೆ. ಕೆಳಗೆ ಕಿತ್ತುಹೋದ ಕಲ್ಲುಚಪ್ಪಡಿ. ಅದರ ಮೇಲೆ ತಡಕಾಡುತ್ತಾ ಕಾಲಿಡುವ ಮುದುಕರಿಗೆ, ಟ್ಯೂಷನ್ ಮುಗಿಸಿ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಕತ್ತಲೆಯೇ ಗತಿ. ದೀಪದ ಬುಡ ಕತ್ತಲು ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ.

ಇನ್ನು ಕೆಲವೆಡೆ ಮಟಮಟ ಮಧ್ಯಾಹ್ನವೇ ದೀಪ ಉರಿಯುತ್ತಿರುತ್ತದೆ. ಕೇಳಿದರೆ, "ಹೋಗ್ಲಿ ಬಿಡಿ ಸ್ವಾಮಿ, ಸರ್ಕಾರದ ಕರೆಂಟು" ಅನ್ನುತ್ತಾರೆ. ನಾವು ಎಡವುವುದು ಅಲ್ಲೇ.

ಸರ್ಕಾರದ ಕರೆಂಟು ಅನ್ನೋದು ಇಲ್ಲವೇ ಇಲ್ಲ. ಬೀದಿ ದೀಪಕ್ಕೂ ಬೆಸ್ಕಾಂ ಬಿಲ್ಲು ಮಾಡುತ್ತದೆ. ವಿದ್ಯುತ್ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ಅದಕ್ಕೆಂದೇ ಬೇರೆ ದರವಿದೆ. ಕಟ್ಟಬೇಕಾದ್ದು ಪಾಲಿಕೆ. ಪಾಲಿಕೆಯ ಸ್ವಂತ ಆದಾಯದಲ್ಲಿ ದೊಡ್ಡ ಪಾಲು ನಮ್ಮ ಮನೆ ಕಂದಾಯ. ಬಾಡಿಗೆದಾರರೇನೂ ತಪ್ಪಿಸಿಕೊಂಡಿಲ್ಲ, ಮಾಲೀಕರ ಕಂದಾಯ ಬಾಡಿಗೆಯೊಳಗೇ ಸೇರಿರುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗೆ ಸೊನ್ನೆ ಬಿಲ್ಲು ಬಂದಿದೆ. ಬೀದಿಗೆ ಆ ಭಾಗ್ಯವಿಲ್ಲ.

ಇದು ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಬೀದಿ ದೀಪ ಬೆಳಗಿಸಿದ ಊರು. ಅದಕ್ಕೂ ಮುಂಚಿನ ಸೀಮೆಎಣ್ಣೆ ದೀಪಕ್ಕೆ ಹಚ್ಚುವ ಆಳಾದರೂ ಇದ್ದ. ದೀಪ ಉರಿಯದಿದ್ದರೆ ಕೇಳೋದಕ್ಕೆ ಒಬ್ಬ ಮನುಷ್ಯ ಸಿಗುತ್ತಿದ್ದ. ಇವತ್ತು? ಕರೆಂಟು ಬೆಸ್ಕಾಂನದು, ಬಲ್ಬು ಪಾಲಿಕೆಯದು, ಬಲ್ಬು ಬದಲಿಸುವವನು ಗುತ್ತಿಗೆದಾರ. ಕರೆಂಟು ಹೋದರೆ 1912, ಬೀದಿ ದೀಪ ಕೆಟ್ಟರೆ 1533. ದುಡ್ಡು ಮಾತ್ರ ನಮ್ಮದು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ!

ದೊಡ್ಡ ರಸ್ತೆಗಳ ಕತೆ ಇನ್ನೂ ಗೋಜಲು. ಹೊಸೂರು ರಸ್ತೆ, ಕನಕಪುರ ರಸ್ತೆಗಳಿಗೆ ರಾಷ್ಟ್ರೀಯ ಹೆದ್ದಾರಿಯ ನಂಬರು. ಹೊರವರ್ತುಲ ರಸ್ತೆ ಕಟ್ಟಿದ್ದು ಬಿಡಿಎ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ 2024ರಲ್ಲಿ ತೆರೆದ ಎರಡಂತಸ್ತಿನ ಮೇಲ್ಸೇತುವೆ ಕಟ್ಟಿದ್ದು ಮೆಟ್ರೋ ನಿಗಮ. 2025ರ ಆಗಸ್ಟಿನಿಂದ ಅದರ ಮೇಲೆ ಹಳದಿ ಮಾರ್ಗದ ರೈಲೂ ಓಡುತ್ತಿದೆ. ಇಂಥ ಕಡೆ ಕಟ್ಟಿದವರು ಒಬ್ಬರು, ಮುಂದೆ ನೋಡಿಕೊಳ್ಳಬೇಕಾದವರು ಇನ್ನೊಬ್ಬರು. ಹಸ್ತಾಂತರದ ಕಾಗದ ಮೇಜಿನಿಂದ ಮೇಜಿಗೆ ಅಲೆಯುವ ತನಕ ದೀಪದ ಬಿಲ್ಲು ಯಾರ ಹೆಸರಿಗೆ? ಇದನ್ನು ಬಗೆಹರಿಸದೆ ಟೇಪು ಕತ್ತರಿಸಿದರೆ ಫೋಟೋ ಮಂತ್ರಿಗಳಿಗೆ, ಕತ್ತಲು ಜನರಿಗೆ.

ಹಳೆ ದೀಪ ತೆಗೆದು ಊರಿಗೆಲ್ಲ ಎಲ್‌ಇಡಿ ಹಾಕಿ, ಉಳಿತಾಯವಾದ ಕರೆಂಟಿನ ದುಡ್ಡಿನಲ್ಲೇ ಗುತ್ತಿಗೆದಾರನ ಲೆಕ್ಕ ತೀರಿಸುವ ಯೋಜನೆಯೊಂದು ಬಿಬಿಎಂಪಿ ಕಾಲದಲ್ಲಿ ಬಂತು. ದಡ ಸೇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಈ ಹೊಸ ಗಡಿಗಳು "ಆ ಕಂಬ ನಮ್ಮದಲ್ಲ" ಅನ್ನೋದಕ್ಕೆ ಹೊಸ ನೆಪವಾಗದಿರಲಿ.

ನಾವು ಚಂದ್ರಲೋಕ ಕೇಳುತ್ತಿಲ್ಲ. ಪ್ರತಿ ಕಂಬಕ್ಕೂ ಎದ್ದು ಕಾಣುವ ನಂಬರು, ನೋಡಿಕೊಳ್ಳುವವರ ಫೋನು ಇರಲಿ. ವಾರ್ಡಿನ ದೀಪದ ಬಿಲ್ಲು ತಿಂಗಳು ತಿಂಗಳು ವಾರ್ಡ್ ಕಚೇರಿಯ ಗೋಡೆ ಮೇಲೆ ಬೀಳಲಿ. ದಟ್ಟ ಮರಗಳಿರುವ ಬೀದಿಯಲ್ಲಿ ಮರ ಕಡಿಯುವುದು ಬೇಡ, ದೀಪವನ್ನು ಕೊಂಬೆಯ ಕೆಳಗಿಳಿಸಿದರೆ ಸಾಕು. ಹೊಸ ಸೇತುವೆ, ಹೊಸ ರಸ್ತೆ ತೆರೆಯುವ ಮುಂಚೆ ದೀಪದ ಹೊಣೆ ಯಾರದೆಂದು ಬರೆದು ಪ್ರಕಟಿಸಲಿ.

ನಾಗರಿಕರ ಕೆಲಸವೂ ಇದೆ. ಹಗಲು ಉರಿಯುವ ದೀಪ ಕಂಡರೆ ಸುಮ್ಮನೆ ಹೋಗಬೇಡಿ, ಅಲ್ಲಿ ಉರಿಯುತ್ತಿರುವುದು ನಿಮ್ಮದೇ ಕಂದಾಯ. ಬೀದಿ ದೀಪ ಯಾರೋ ಕೊಟ್ಟ ದಾನವಲ್ಲ. ನಾವು ಮುಂಗಡ ದುಡ್ಡು ಕೊಟ್ಟು ಕೊಂಡ ಸರಕು. ಸರಕು ಬಂದಿಲ್ಲವೆಂದು ಅಂಗಡಿಯವನನ್ನು ಕೇಳುವವರು ಪಾಲಿಕೆಯನ್ನೇಕೆ ಕೇಳಬಾರದು?

ಸಂಬಂಧಪಟ್ಟವರು ಒಂದು ರಾತ್ರಿ ಕಾರಿನಿಂದ ಇಳಿದು ನಡೆದು ನೋಡುವರೆ?