ಬುದ್ಧಿ ಹಲ್ಲಿಗೆ ಮಿಶ್ರಿ ಔಷಧಿ ಅಲ್ಲ

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಕಟ್ಟಕಡೆಯ ದವಡೆ ಹಲ್ಲು ನೋಯಾಕ ಹತ್ತಿದ್ರ ಎಷ್ಟೋ ಮಂದಿ ಮೊದಲು ಹುಡುಕೂದು ಡಾಕ್ಟರನ್ನಲ್ಲ, ಮಿಶ್ರಿ ಡಬ್ಬಿ. ಅಂದ್ರ ಹುರಿದು ಪುಡಿ ಮಾಡಿದ ತಂಬಾಕು. ನಿಪ್ಪಾಣಿ ತಂಬಾಕಿನ ಊರು. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿಯಲ್ಲೇ ಕೂತು ಹೋರಾಡಿದರು. ಬೆಳೆದವರ ಬಗ್ಗೆ ನನಗೆ ಗೌರವ ಇದೆ. ಆದರೆ ಹೊಟ್ಟೆಗೆ ಅನ್ನ ಕೊಟ್ಟ ಬೆಳೆ ಅಂತ ಅದು ಹಲ್ಲಿಗೆ ಔಷಧಿ ಆಗೂದಿಲ್ಲ.

"ಹಚ್ಚಿದೆ, ಮೂರು ದಿನದಾಗ ಕಡಿಮಿ ಆತು" ಅಂತಾರೆ. ಆಗಿರಬಹುದು. ಅರ್ಧ ಹೊರಬಂದ ಬುದ್ಧಿ ಹಲ್ಲಿನ ಮೇಲೆ ಒಸಡಿನ ಮುಚ್ಚಳ ಇರ್ತದೆ. ಅದರ ಕೆಳಗೆ ಅಗಳು ಸಿಕ್ಕು ಕೊಳೀತದೆ, ಬಾವು ಬರ್ತದೆ, ಎಷ್ಟೋ ಸಲ ತಾನೇ ಇಳೀತದೆ, ತಿಂಗಳು ಬಿಟ್ಟು ಮತ್ತೆ ಬರ್ತದೆ. ಇಳಿದದ್ದರ ಹೆಸರು ಮಿಶ್ರಿಗೆ, ಮತ್ತೆ ಬಂದದ್ದು ಹಣೆಬರಹಕ್ಕೆ. ಇದೆಂಥಾ ಲೆಕ್ಕಾರಿ?

ಗುಟ್ಖಾ ಮಂದಿಯದು ಇನ್ನೂ ಫಜೀತಿ. ಅದರೊಳಗಿನ ಅಡಿಕೆಯಿಂದ ಕೆನ್ನೆಯ ಒಳಚರ್ಮ ಬಿಗಿದು ಬಾಯಿಯೇ ತೆರೆಯೂದಿಲ್ಲ. ತುತ್ತತುದಿಯ ಹಲ್ಲಿಗೆ ಡಾಕ್ಟರರ ಇಕ್ಕಳ ಹೋಗೂದು ಹೆಂಗ?

ಎಲ್ಲಾರೂ ಕೀಳಿಸ್ಕೊಳ್ರಿ ಅಂತಿಲ್ಲ ನಾನು. ಬೆಂಗಳೂರಿನಾಗ ನೋವಿಲ್ಲದ ನಾಲ್ಕೂ ಹಲ್ಲು ಕೀಳಿಸ್ಕೊಂಡ ಶಾಣ್ಯಾರೂ ಇದ್ದಾರೆ. ಬ್ರಿಟನ್ನಿನ ನೈಸ್ ಸಂಸ್ಥೆ ರೋಗವಿಲ್ಲದ ಬುದ್ಧಿ ಹಲ್ಲು ಕೀಳಬೇಡಿ ಅಂತ 2000ದಲ್ಲೇ ಹೇಳಿತ್ತು. ಮೇಲಿಂದ ಮೇಲೆ ಬಾವು ಬರೋ ಹಲ್ಲಿನ ಮಾತು ಬೇರೆ. ಕಾಗವಾಡದವರಿಗೆ ಮಿರಜ ಪಕ್ಕದಾಗ, ನಿಪ್ಪಾಣಿಯವರಿಗೆ ಕೊಲ್ಹಾಪುರ. ಮದುವೆ ಜವಳಿಗೆ ಹತ್ತೋ ಬಸ್ಸೇ ಸಾಕು. ಒಂದು ಎಕ್ಸ್-ರೇ ತೆಗಸ್ರಿ. ಜ್ವರ ಬಂದು, ಕುತ್ತಿಗೆ ಬಾತು, ನುಂಗಾಕ ಆಗದಿದ್ರ ಅವತ್ತೇ ಹೋಗ್ರಿ. ಕಬ್ಬಿನ ಗ್ಯಾಂಗ್ ಬಂದದ, ನಾಳೆ ನೋಡೂಣು ಅಂತ ಕೂಡಬ್ಯಾಡ್ರಿ.