ಕೆಂಪು ಕಡಲಿನ ಸಾಕ್ಷ್ಯ

'ಇವ್ಯಾಂಜೆಲಿಯನ್' ಎಂಬ ಜಪಾನೀ ಆನಿಮೆ ಕುರಿತು ನಮ್ಮ ಹುಡುಗರು ಹೂಡುವ ವಾದವನ್ನು ಹಿರಿಯರು ಹುಡುಗಾಟವೆಂದು ತಳ್ಳಿಹಾಕುವುದು ಸರಿಯಲ್ಲ. 1995ರಲ್ಲಿ ಟಿ.ವಿ.ಯಲ್ಲಿ ಬಂದ ಕಥೆಯನ್ನೇ ಹಿದೆಯಾಕಿ ಆನ್ನೊ 2007ರಿಂದ ನಾಲ್ಕು ಚಿತ್ರಗಳಲ್ಲಿ ಮತ್ತೆ ಹೇಳಿದರು. ಮತ್ತೆ ಹೇಳಿದ್ದಲ್ಲ, ಗುಟ್ಟಾಗಿ ಮುಂದುವರಿಸಿದ್ದು ಎನ್ನುತ್ತಾರೆ ಹುಡುಗರು. 1997ರ ಚಿತ್ರದ ಕೊನೆಯಲ್ಲಿ ಕೆಂಪಾದ ಕಡಲು 2007ರ ಚಿತ್ರದಲ್ಲಿ ಮೊದಲಿಗೇ ಕೆಂಪು! ಚಂದ್ರನ ಮೇಲೆ ಕಣ್ತೆರೆಯುವ ಕಾವೊರು, ನಾಯಕ ಶಿಂಜಿಯನ್ನು ಹಿಂದೆಯೇ ಬಲ್ಲವನಂತೆ ನುಡಿಯುತ್ತಾನೆ. ಇನ್ನೆಂಥ ಪುರಾವೆ ಬೇಕು? ಹಳೆಯ ಸರಕಿಗೆ ಹೊಸ ಬಣ್ಣವೆಂದು ಮೂಗು ಮುರಿಯುವವರು ಚಿತ್ರವನ್ನು ನೋಡಿಯೇ ಇಲ್ಲ.

ಆದರೆ ವರ್ಷಗಟ್ಟಲೆ ಇದೇ ಪತ್ತೇದಾರಿಕೆಯಲ್ಲಿ ಕೂತವರ ಮೇಲೂ ನನ್ನ ತಕರಾರುಂಟು. 2021ರ ಕೊನೆಯ ಚಿತ್ರದಲ್ಲಿ ಶಿಂಜಿ ಬಯಸುವುದು, ತಾನು ನಡೆಸಿದ ಆ ಯುದ್ಧದೈತ್ಯಗಳೇ ಇಲ್ಲದ ಲೋಕವನ್ನು. ದೊಡ್ಡವನಾಗಿ, ಆನ್ನೊ ಅವರ ಹುಟ್ಟೂರಾದ ಉಬೆಯ ರೈಲು ನಿಲ್ದಾಣದಿಂದ ಹೊರಗೋಡುತ್ತಾನೆ. ಇವರಿನ್ನೂ ಪ್ಲಾಟ್‌ಫಾರಂ ಮೇಲೆಯೇ ಕೂತು ಕಾಲಗಣನೆ ಬರೆಯುತ್ತಿದ್ದಾರೆ.